ಕಲಿಸಿದವನ ಹೊಟ್ಟೆಕಿಚ್ಚು

ಪೆಲತ್ತಡ್ಕ
19-6-1977

ಪ್ರೀತಿಯ ಕುಮುದಾ,

ಇಚಿಲಂಪಾಡಿಯಲ್ಲಿ ಬಸ್ಸಿಳಿದು, ಹೊಳೆ ದಾಟಿ, ಗುಡ್ಡ ಹತ್ತಿದರೆ ನನ್ನ ಹೊಸ ಶಾಲೆ. ಒಂದೇ ಕೋಣೆ. ಅದರೊಳಗೆ ನಾಲ್ಕು ತರಗತಿ, ನಾಲ್ಕಕ್ಕೂ ನಾನೊಬ್ಬನೇ ಮಾಸ್ಟ್ರು. ಪಕ್ಕದ ಮನೆಯ ದುಗ್ಗಪ್ಪ ಶೆಟ್ಟರು ತಮ್ಮ ಜಗಲಿಯ ಕೋಣೆ ಬಿಟ್ಟುಕೊಟ್ಟಿದ್ದಾರೆ, ಊಟವೂ ಅವರಲ್ಲೇ. ವರ್ಗದ ಆರ್ಡರು ಬಂದ ದಿನ ನೀನು ಅತ್ತದ್ದು ವ್ಯರ್ಥ ಎಂದು ಅಮ್ಮನಿಗೂ ಹೇಳು.

ನೀನು ಮಹಾಬಲ ರೈಗಳ ಪ್ರೆಸ್ಸಿಗೆ ಹೋಗಲು ಶುರುಮಾಡಿದ್ದು ಸಂತೋಷ. ಮುಖ ಕಾಣದ ಅವರಿಗೆ ನಿನ್ನ ವಿಷಯ ಬರೆಯುವಾಗ ನನಗೆ ಹೆಮ್ಮೆಯಾಗಿತ್ತು. ಮದುವೆಯಾಗುವಾಗ ಎಂಟನೆಯ ಕ್ಲಾಸಿಗೆ ಓದು ಬಿಟ್ಟ ಹುಡುಗಿ, ನಾನೇ ಮನೆಯಲ್ಲಿ ಕೂರಿಸಿ ಕಲಿಸಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದೆ ಎಂದೆ. ಪ್ರೂಫ್ ನೋಡುವುದಕ್ಕೆ ತಾಳ್ಮೆ ಬೇಕು, ಅದು ಉಂಟಾ ಎಂದು ಕೇಳಿ ಬರೆದರು. ಉಂಟು ಎಂದೆ. ನನ್ನ ಮಾತು ಉಳಿಸು.

ಕೆಲಸಕ್ಕೆ ಹೋಗುವವರಿಗೆ ಸಮಯವೇ ಬಂಡವಾಳ. ನಿನಗಾಗಿ ಒಂದು ವೇಳಾಪಟ್ಟಿ ಬರೆದು ಇದರೊಟ್ಟಿಗೆ ಇಟ್ಟಿದ್ದೇನೆ. ಬೆಳಿಗ್ಗೆ ಮನೆಗೆಲಸ ಮುಗಿಸಿ ಅರ್ಧ ಗಂಟೆ ವ್ಯಾಕರಣ. ಸಂಜೆ ಬಂದು ಅರ್ಧ ಗಂಟೆ, ಆ ದಿನ ಮಾಡಿದ ತಪ್ಪುಗಳು ಯಾವುವು ಎಂದು ಕೂತು ಯೋಚಿಸುವುದು. ಗೋಡೆಗೆ ಅಂಟಿಸು. ನಿನ್ನ ಹೋದ ಪತ್ರವನ್ನು ತಿದ್ದಿ ವಾಪಸು ಕಳುಹಿಸಿದ್ದೇನೆ. ಕೆಂಪು ಶಾಯಿ ಕಂಡು ಬೇಸರಿಸಬೇಡ. ಹಿಂದಿನ ಹಾಗೆಯೇ ಪ್ರತಿ ತಪ್ಪನ್ನೂ ಸರಿಮಾಡಿ ಐದೈದು ಸಲ ಬರೆ.

ಅಮ್ಮನನ್ನು ನಿನ್ನೊಟ್ಟಿಗೆ ಬಿಟ್ಟದ್ದು ನಿನಗೆ ಜೊತೆಯಾಗಲಿ ಎಂದು.

ನಿನ್ನ,
ಬೋಜಪ್ಪ


ಪುತ್ತೂರು
3-7-1977

ನಿಮಗೆ,

ವೇಳಾಪಟ್ಟಿ ಗೋಡೆಯಲ್ಲಿ ಉಂಟು. ಅತ್ತೆ ಅದೆಂತದು ಎಂದು ಕೇಳಿದರು, ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಇದರಲ್ಲಿ ನನ್ನ ಬಿಸಿನೀರು ಎಷ್ಟು ಹೊತ್ತಿಗೆ ಎಂದರು. ಹಾಗೆ ಬೆಳಗಿನ ವ್ಯಾಕರಣ ಬಿಸಿನೀರಿಗೆ ಹೋಯಿತು. ಸಂಜೆಯದ್ದು ಅವರ ಕಾಲಿಗೆ ಎಣ್ಣೆ ತಿಕ್ಕುವುದಕ್ಕೆ ಹೋಯಿತು. ತಪ್ಪುಗಳನ್ನು ಯೋಚಿಸುವ ಕೆಲಸವನ್ನು ದಾರಿ ನಡೆಯುವಾಗಲೇ ಮಾಡುತ್ತೇನೆ.

ಯೋಚಿಸಲು ಬೇಕಾದಷ್ಟು ಉಂಟು. ಒಂದು ಮದುವೆ ಕಾಗದ ಬಂದಿತ್ತು. ಮದುಮಗಳ ಹೆಸರು ಪಾರ್ವತಿ. ಅರ್ಕಾವತ್ತು ಬಿದ್ದು ಹೋದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅಚ್ಚಾಗಿ ಬರುವಾಗ ಚಿ. ಸೌ. ಪಾವತಿ. ಅಷ್ಟೂ ಕಾಗದ ಹಾಳು. ರೈಗಳು ಜೋರು ಮಾಡಿದರು. ಅಚ್ಚಿನ ಮೊಳೆ ಜೋಡಿಸುವ ಅದ್ದು ಎಂಬವ, ಮೆಷಿನಿನವರು, ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು. ಆಮೇಲೆ ಸ್ವರ ಇಳಿಸಿ ಒಂದು ಮಾತು ಹೇಳಿದರು.

“ನೀವು ಓದ್ತಾ ಇದ್ದೀರಿ. ಓದುದು ಬೇಡ, ನೋಡಿ. ಓದುವವರ ಕಣ್ಣಿಗೆ ಇಲ್ಲದ ಅಕ್ಷರವೂ ಕಾಣ್ತದೆ.”

ಸಂಜೆ ಮನೆಗೆ ನಡೆಯುವಾಗ ಬೊಳುವಾರಿನವರೆಗೂ ಅದನ್ನೇ ಹೇಳಿಕೊಂಡು ಬಂದೆ. ಇಷ್ಟು ದಿನ ನಾನು ಅರ್ಥವಾಗುವ ಹಾಗೆ ಓದುವುದನ್ನೇ ಕಲಿತದ್ದಲ್ಲವಾ? ಈಗ ಅದನ್ನು ಸ್ವಲ್ಪ ಮರೆಯಬೇಕು.

ನಿಮ್ಮ ಶಾಲೆಯ ವಿಷಯ ಏನೂ ಬರೆಯಲಿಲ್ಲ.

ಕುಮುದಿನಿ


ಪೆಲತ್ತಡ್ಕ
17-7-1977

ಪ್ರೀತಿಯ ಕುಮುದಾ,

ಉಪ್ಪಿನಂಗಡಿಯಲ್ಲಿ ನೀರು ರಸ್ತೆಗೆ ಬಂದು ಟಪಾಲು ತಡವಾಯಿತು.

ಊರವರ ಎದುರು ನನ್ನ ಹೆಂಡತಿಯ ಮೇಲೆ ಒಬ್ಬ ಸ್ವರ ಎತ್ತಿದ ಎಂದು ಓದಿ ನನಗೆ ಊಟ ಸೇರಲಿಲ್ಲ. ಕಲಿಸುವುದಕ್ಕೂ ಒಂದು ರೀತಿ ಉಂಟು. ನಾನು ಒಂದು ದಿನವಾದರೂ ನಿನಗೆ ಜೋರು ಮಾಡಿದ್ದೇನೆಯೇ? ಓದಬೇಡಿ ಎಂದು ಹೇಳುವ ಗುರುವನ್ನು ನಾನು ಇದೇ ಮೊದಲು ಕೇಳಿದ್ದು. ನಿನಗೆ ಬೇಡವೆನಿಸಿದರೆ ಬಿಟ್ಟುಬಿಡು. ನನ್ನ ಸಂಬಳದಲ್ಲಿ ನಾವು ಉಪವಾಸ ಇಲ್ಲ.

ನಿನ್ನ ಮೇಜು ಎಲ್ಲಿ, ರೈಗಳ ಮೇಜು ಎಲ್ಲಿ? ಬೇರೆ ಹೆಂಗಸರು ಇದ್ದಾರೆಯೇ? ಸುಮ್ಮನೆ ಕೇಳಿದೆ.

ಶಾಲೆ ಚೆನ್ನಾಗಿ ನಡೆಯುತ್ತಿದೆ. ನಾಲ್ಕು ತರಗತಿಯೂ ನನ್ನ ಕೈಯಲ್ಲಿದೆ.

ಬೋಜಪ್ಪ


ಪುತ್ತೂರು
7-8-1977

ನಿಮಗೆ,

ಬಿಡುವಷ್ಟು ಬೇಸರ ಆಗಲಿಲ್ಲ. ತಪ್ಪು ನನ್ನದೇ ಆಗಿತ್ತು. ಹೆಂಗಸರು ಎಂದರೆ ಪುಸ್ತಕ ಹೊಲಿಯುವ ಶಂಕರಿಯಕ್ಕ ಮತ್ತು ನಾನು.

ಈಗ ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೇನೆ. ಮೊದಲು ಹೆಸರುಗಳು, ಆಮೇಲೆ ತಾರೀಕು, ಕೊನೆಗೆ ಉಳಿದದ್ದು. ತಿದ್ದಲಿಕ್ಕೆ ಬರುವ ಉದ್ದದ ಪ್ರೂಫ್ ಕಾಗದಕ್ಕೆ ಇಲ್ಲಿ ಗ್ಯಾಲಿ ಎನ್ನುತ್ತಾರೆ. ಕಷ್ಟದ ಗ್ಯಾಲಿಯನ್ನು ಬೆಳಿಗ್ಗೆ ಕಣ್ಣು ಹೊಸತಿರುವಾಗಲೇ ಮುಗಿಸುತ್ತೇನೆ. ಊಟದ ಮೇಲೆ ಹ್ಯಾಂಡ್‌ಬಿಲ್ಲು, ರಶೀದಿ ಪುಸ್ತಕ ಇಂಥವು. ರೈಗಳು ಇದನ್ನು ಹೇಳಿಕೊಟ್ಟದ್ದಲ್ಲ. ನಾನೇ ಕಂಡುಕೊಂಡದ್ದು ಎಂದು ಗೊತ್ತಾದಾಗ, ಹಾಗೇ ಮಾಡಿ ಎಂದರು. ನಾನು ನೋಡಿದ ಪ್ರತಿಯೊಂದನ್ನೂ ರೈಗಳು ಸಂಜೆ ಮತ್ತೊಮ್ಮೆ ನೋಡುತ್ತಾರೆ. ನಾನು ಬಿಟ್ಟದ್ದಕ್ಕೆಲ್ಲ ಗುರುತು ಹಾಕಿ, ಯಾಕೆ ಬಿಟ್ಟುಹೋಯಿತು ಎಂದು ಕೇಳುತ್ತಾರೆ. ರೈಗಳಿಗೆ ತಪ್ಪಿಗಿಂತ ಅದರ ಕಾರಣ ಮುಖ್ಯ.

ಗುರುವಾರ ಒಂದು ಉದ್ದದ ಗ್ಯಾಲಿಯನ್ನು ಕಿಟಕಿಯ ಹತ್ತಿರ ಹಿಡಿದು ಎಷ್ಟೋ ಹೊತ್ತು ನೋಡಿದರು. ಮತ್ತೆ ನನ್ನ ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ, “ಇದರಲ್ಲಿ ನನಗೆ ಎಂತದೂ ಸಿಕ್ಕಲಿಲ್ಲ” ಎಂದರು.

ಅಷ್ಟೇ. ಶಂಕರಿಯಕ್ಕ ಬೆನ್ನು ತಟ್ಟಿದರು. ಮನೆಗೆ ಬಂದು ಹೇಳಲು ಯಾರೂ ಇರಲಿಲ್ಲ. ಅತ್ತೆಗೆ ಹೇಳಿದೆ, ಸಿಕ್ಕದಿದ್ದರೆ ಸರಿಯಾಗಿ ಹುಡುಕಲಿಕ್ಕೆ ಹೇಳು ಎಂದರು. ಅದಕ್ಕೇ ನಿಮಗೆ ಇಷ್ಟುದ್ದ ಬರೆದೆ.

ಕುಮುದಿನಿ


ಪೆಲತ್ತಡ್ಕ
21-8-1977

ಕುಮುದಿನಿಗೆ,

ಪತ್ರ ತಲುಪಿತು. ರೈಗಳು ಎಂಬ ಹೆಸರನ್ನು ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟೆ.

ಹಿಂದಿನ ಪತ್ರವೊಂದರಲ್ಲಿ ನೀನು ‘ಉಚ್ಚಾರ’ ಎಂದು ಬರೆದದ್ದನ್ನು ಆಗ ಗಮನಿಸಿರಲಿಲ್ಲ. ‘ಉಚ್ಛಾರ’ ಎಂದಿರಬೇಕು. ತಿದ್ದಿ ಕಳುಹಿಸಿದ್ದೇನೆ. ಏನೂ ಸಿಕ್ಕಲಿಲ್ಲ ಎಂದು ಯಾರಾದರೂ ಹೇಳಿದರೆ, ಸರಿಯಾಗಿ ನೋಡಲಿಲ್ಲ ಎಂದೂ ಅರ್ಥವಿರಬಹುದು.

ಸಂಜೆ ಹೊತ್ತಾಗುವವರೆಗೆ ಅಲ್ಲಿ ಕೂರಬೇಡ.

ಬೋಜಪ್ಪ


ಪುತ್ತೂರು
4-9-1977

ನಿಮಗೆ,

ನೀವು ತಿದ್ದಿದ್ದನ್ನು ಐದು ಸಲ ಬರೆಯಲು ಕೂತೆ. ಎರಡನೆಯ ಸಲಕ್ಕೆ ಕೈ ನಿಂತಿತು. ಮಾರನೆಯ ದಿನ ಪ್ರೆಸ್ಸಿನ ನಿಘಂಟು ತೆಗೆದು ನೋಡಿದೆ. ಉಚ್ಚಾರವೇ ಸರಿ, ಚಕಾರಕ್ಕೆ ಚಕಾರವೇ ಒತ್ತು. ಹೇಳಲು ಹೆದರಿಕೆಯಾಯಿತು. ಆದರೆ ಗೊತ್ತಿದ್ದೂ ತಪ್ಪನ್ನು ಬಿಡಬಾರದು ಎಂದು ಕಲಿಸಿದವರು ನೀವೇ.

ಕಡಬದ ಚನಿಯಪ್ಪ ಮಾಸ್ಟ್ರ ಹೆಂಡತಿ ಲೋಲಾಕ್ಷಿ ಆಸ್ಪತ್ರೆಗೆಂದು ಬಂದವಳು ಮನೆಗೂ ಬಂದಿದ್ದಳು. ನಿಮ್ಮ ಕಡೆಯ ಶಾಲೆಗಳಿಗೆಲ್ಲ ಇನ್ಸ್‌ಪೆಕ್ಟರು ಬಂದು ಹೋದರಂತೆ. ನಿಮ್ಮಲ್ಲಿಗೂ ಬಂದಿದ್ದರಾ? ಏನು ಹೇಳಿದರು?

ಕುಮುದಿನಿ


ಪೆಲತ್ತಡ್ಕ
30-10-1977

ಕುಮುದಿನಿಗೆ,

ದಸರಾ ರಜೆಯಲ್ಲಿ ಮನೆಯಲ್ಲಿದ್ದಷ್ಟು ದಿನವೂ ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಆಯುಧಪೂಜೆಗೆ ನೀನು ನನ್ನನ್ನು ಪ್ರೆಸ್ಸಿಗೆ ಕರೆದುಕೊಂಡು ಹೋದೆ. ಮೆಷಿನಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ ಆಗಿತ್ತು. ನನ್ನ ಕೈಗೆ ಅವಲಕ್ಕಿಯ ಎಲೆ ಕೊಟ್ಟರು. ಆಗ ರೈಗಳೆಂಬ ಆ ಮನುಷ್ಯ ಯಾವುದೋ ಕಾಗದ ಹಿಡಿದು ಬಂದ, ಹಬ್ಬದ ದಿನವೂ. ನೀವಿಬ್ಬರೂ ಅದರ ಮೇಲೆ ಬಗ್ಗಿದಿರಿ. ನೀನು ಬೆರಳಿಟ್ಟು ಏನೋ ತೋರಿಸಿದೆ, ಅವರು ಹೌದು ಎಂದರು, ನೀನು ನಕ್ಕೆ. ನಾನು ಕಲಿಸುತ್ತಿದ್ದಾಗ ನೀನು ಒಂದು ಸಲವೂ ಹಾಗೆ ನಕ್ಕದ್ದು ನೆನಪಿಲ್ಲ. ನಾನು ಎಲೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಇವರು ನಮ್ಮ ಕುಮುದಿನಿಯವರ ಯಜಮಾನರು ಎಂದು ಅದ್ದು ಯಾರಿಗೋ ಪರಿಚಯ ಹೇಳಿದ. ನಮ್ಮ ಕುಮುದಿನಿ.

ಅವರಿಗೆ ವಯಸ್ಸಾಗಿದೆ ಎಂದು ನೀನು ಬರೆದಿದ್ದೆಯೋ, ನಾನೇ ಹಾಗೆ ಅಂದುಕೊಂಡಿದ್ದೆನೋ. ಕೂದಲು ಇನ್ನೂ ಕಪ್ಪಗಿದೆ.

ಬೋಜಪ್ಪ


ಪುತ್ತೂರು
13-11-1977

ನಿಮಗೆ,

ದೀಪಾವಳಿಗೆ ಬರುತ್ತೀರೆಂದು ಅತ್ತೆ ಹಂಡೆಗೆ ನೀರು ತುಂಬಿ ಬೆಂಕಿ ಹಾಕಿ ಕಾದರು. ಆಮೇಲೆ ಆ ನೀರಿನಲ್ಲಿ ನಾವಿಬ್ಬರೇ ಮಿಂದೆವು.

ಅವರ ವಯಸ್ಸಿನ ವಿಷಯ ನಾನು ಬರೆದಿರಲಿಲ್ಲ. ಆ ದಿನ ನಾನು ಬೆರಳಿಟ್ಟು ತೋರಿಸಿದ್ದು ಅವರಿಗೇ ಕಾಣದೆ ಹೋದ ಒಂದು ತಪ್ಪನ್ನು. ಅದಕ್ಕೇ ನಗು ಬಂತು. ತಿರುಗಿ ನಿಮ್ಮನ್ನು ನೋಡಿದೆ, ನೀವು ಗೋಡೆ ನೋಡುತ್ತಿದ್ದಿರಿ. ಸಹಕಾರಿ ಸಂಘದವರ ಬೆಳ್ಳಿಹಬ್ಬದ ಪುಸ್ತಕ ಇಡೀ ನನ್ನ ಜವಾಬ್ದಾರಿಗೆ ಬಂದಿದೆ. ರಜೆಯಲ್ಲಿ ಹೇಳೋಣವೆಂದಿದ್ದೆ. ನಿಮ್ಮ ಮುಖ ಕಂಡು ಬಾಯಿ ಬರಲಿಲ್ಲ.

ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಎಂದು ತಿಳಿಯಬೇಡಿ. ನನಗೆ ನಿಮ್ಮ ಮೇಲೆ ಉಂಟು. ನಿಮಗೆ ಮುಚ್ಚಿಕೊಳ್ಳಲು ಒಂದು ಬಾಗಿಲು ಉಂಟು. ಊಟ ಬಡಿಸಿ ಕರೆಯುವವರು ಉಂಟು. ಶಾಲೆ ಬಿಟ್ಟ ಮೇಲೆ ಸಂಜೆ ಇಡೀ ನಿಮ್ಮದು. ನಾನು ಎರಡು ಪುಟ ನಿಶ್ಚಿಂತೆಯಲ್ಲಿ ಓದಬೇಕಾದರೆ ಬಚ್ಚಲಿನ ಒಲೆಯ ಎದುರು ಕೂರಬೇಕು. ಆ ಸಂಜೆಗಳಲ್ಲಿ ನೀವು ಏನು ಮಾಡುತ್ತೀರಿ ಎಂದು ಒಂದು ಪತ್ರದಲ್ಲೂ ಬರೆದಿಲ್ಲ.

ಇನ್ಸ್‌ಪೆಕ್ಟರ ವಿಷಯವನ್ನೂ ಬರೆದಿಲ್ಲ.

ಕುಮುದಿನಿ


ಪುತ್ತೂರು
28-11-1977

ನಿಮಗೆ,

ನನಗೆ ಬರಬೇಕಾದ ಉತ್ತರ ಮಹಾಬಲ ರೈಗಳಿಗೆ ಬಂತು.

ಅವರು ನನ್ನನ್ನು ಕರೆದು ನಿಮ್ಮ ಪತ್ರವನ್ನು ಮೇಜಿನ ಮೇಲಿಟ್ಟರು. ನನ್ನ ಹೆಂಡತಿ ತಿಂಗಳ ಕೊನೆಗೆ ಕೆಲಸ ಬಿಡುತ್ತಾಳೆ, ನನ್ನೊಟ್ಟಿಗೆ ಇರಲು ಪೆಲತ್ತಡ್ಕಕ್ಕೆ ಬರುತ್ತಾಳೆ ಎಂದು ಬರೆದಿದ್ದೀರಿ. ನಾನು ನಿಂತುಕೊಂಡೇ ಓದಿದೆ.

“ಇದು ನಿಮ್ಮ ಅಕ್ಷರ ಅಲ್ಲ” ಎಂದರು. “ನೀವು ಬರೆದುಕೊಟ್ಟರೆ ನಾನು ಬಿಡ್ತೇನೆ. ಅವರು ಬರೆದರೆ ಬಿಡುದು ಹೇಗೆ? ಅವರು ನನ್ನಲ್ಲಿ ಕೆಲಸಕ್ಕಿಲ್ಲವಲ್ಲ.”

ಪತ್ರವನ್ನು ಮಡಚಿ ನನಗೇ ಕೊಟ್ಟರು. ನಾನು ಹೋಗಿ ನನ್ನ ಗ್ಯಾಲಿ ನೋಡಿದೆ. ಆ ದಿನ ಬಹಳ ತಪ್ಪು ಬಿಟ್ಟೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, “ಅವ ಗುಡ್ಡೆ ಮೇಲೆ ಕೂತು ಬರೀಲಿ. ನಾನು ಬರುದಿಲ್ಲ. ಇಲ್ಲಿ ಡಾಕ್ಟ್ರು ಉಂಟು, ನಳ್ಳಿನೀರು ಉಂಟು. ನೀನು ನಾಳೆ ಹೊತ್ತಿಗೆ ಸರಿಯಾಗಿ ಹೋಗು” ಎಂದರು. ಮಾರನೆಯ ದಿನದಿಂದ ಬಿಸಿನೀರು ಅವರೇ ಕಾಯಿಸಿಕೊಳ್ಳುತ್ತಿದ್ದಾರೆ.

ನಾನು ಬಿಡುವುದಿಲ್ಲ. ರೈಗಳಿಗಾಗಿ ಅಲ್ಲ, ನಿಮ್ಮ ಮೇಲಿನ ಹಟಕ್ಕೂ ಅಲ್ಲ. ಬಿಟ್ಟು ಬಂದರೆ, ಪ್ರತಿ ದಿನ ನಿಮ್ಮ ಎದುರು ಕೂತು ಊಟ ಮಾಡುವಾಗ ಇವರೇ ಅದನ್ನು ನನ್ನಿಂದ ಕಿತ್ತುಕೊಂಡದ್ದು ಎಂದು ನೆನಪಾಗುತ್ತದೆ. ಅದು ನನಗೆ ಬೇಡ.

ಇನ್ನೊಂದು ಮಾತು. ಇನ್ಸ್‌ಪೆಕ್ಟರು ನಿಮ್ಮ ಬಗ್ಗೆ ಏನು ಬರೆದರೆಂದು ಲೋಲಾಕ್ಷಿ ಅಂದೇ ಹೇಳಿದ್ದಳು. ನೀವೇ ಹೇಳುತ್ತೀರೆಂದು ಇಷ್ಟು ದಿನ ಕಾದೆ.

ಕುಮುದಿನಿ


ಪೆಲತ್ತಡ್ಕ
18-12-1977

ಕುಮುದಿನಿಗೆ,

ನಿನಗೆ ಗೊತ್ತಿತ್ತು ಎಂದರೆ ದಸರಾದಲ್ಲಿ ನೀನು ನನಗೆ ಬಡಿಸುವಾಗಲೂ ಗೊತ್ತಿತ್ತು. ಅದನ್ನು ಯೋಚಿಸಿಯೇ ಇಷ್ಟು ದಿನ ಹೋಯಿತು.

ಇನ್ಸ್‌ಪೆಕ್ಟರು ಆಗಸ್ಟಿನಲ್ಲಿ ಬಂದರು, ಮಧ್ಯಾಹ್ನದ ಮೇಲೆ. ನಾನು ನಾಲ್ಕನೆಯವರಿಗೆ ಭಿನ್ನರಾಶಿ ಹೇಳುತ್ತಿದ್ದೆ. ಒಂದನೆಯವರು ಮಲಗಿದ್ದರು. ಎರಡು ಮತ್ತು ಮೂರನೆಯವರು ಸ್ಲೇಟು ಹಿಡಿದು ಕೂತಿದ್ದರು. ಅವರಿಗೆ ಏನು ಕೊಟ್ಟಿದ್ದೆನೋ ನನಗೇ ನೆನಪಿರಲಿಲ್ಲ. ಇನ್ಸ್‌ಪೆಕ್ಟರು ಬಹಳ ಹೊತ್ತು ಹಿಂದೆ ಕೂತರು. ‘ಅಧ್ಯಾಪಕರು ಸಮಯವನ್ನು ಯೋಜಿಸಿಕೊಂಡಿಲ್ಲ. ಎರಡು ತರಗತಿಗಳು ಮಧ್ಯಾಹ್ನವಿಡೀ ಸುಮ್ಮನಿದ್ದವು’ ಎಂದು ಬರೆದು, ಹೊಳೆ ತುಂಬುವ ಮೊದಲು ದಾಟಬೇಕೆಂದು ಹೊರಟುಹೋದರು. ಹೇಗೆ ಯೋಜಿಸಬೇಕು ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಿನಗೆ ವೇಳಾಪಟ್ಟಿ ಬರೆದು ಕಳುಹಿಸಿದವ ನಾನು.

ಮರುದಿನ ನಿನ್ನ ಪತ್ರ ಬಂತು. ರೈಗಳಿಗೆ ಅದರಲ್ಲಿ ಎಂತದೂ ಸಿಕ್ಕಲಿಲ್ಲ ಎಂಬುದು.

ಇಲ್ಲಿ ನನಗೆ ಸರಿ ಎನ್ನುವವರಿಲ್ಲ, ತಪ್ಪು ಎನ್ನುವವರೂ ಇಲ್ಲ. ದುಗ್ಗಪ್ಪ ಶೆಟ್ಟರು ಮಾಸ್ಟ್ರೇ ಎಂದು ಮಜ್ಜಿಗೆ ಕೊಡುತ್ತಾರೆ. ನಿನಗೆ ದಿನಾ ಸಂಜೆ ಒಬ್ಬರು ಕೂತು ಇಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಕೇಳುತ್ತಾರೆ. ಆ ಮನುಷ್ಯನ ಕಪ್ಪು ಕೂದಲಿನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆಯಲ್ಲಿ ಉರಿದದ್ದು ಹೆಚ್ಚು ನಿನ್ನ ಮೇಲೆ. ನಾನು ಕೈ ಹಿಡಿದು ಬರೆಸಿದವಳು ನನ್ನನ್ನು ದಾಟಿ ಹೋಗುತ್ತಿದ್ದಾಳೆ. ನಾನು ಈ ಗುಡ್ಡದ ಮೇಲೆ ಇದ್ದಲ್ಲೇ ಇದ್ದೇನೆ.

ರೈಗಳಿಗೆ ಇನ್ನೊಂದು ಪತ್ರ ಬರೆಯಲು ನನ್ನಿಂದಾಗದು. ನಿನಗೆ ಸರಿ ಕಂಡದ್ದನ್ನು ಮಾಡು.

ಬೋಜಪ್ಪ


ಪುತ್ತೂರು
1-1-1978

ನಿಮಗೆ,

ಒಂದು ದಿನ ರಜೆ ಕೇಳಿದ್ದೇನೆ. ಸಂಕ್ರಮಣ ಕಳೆದ ಶನಿವಾರ ಬರುತ್ತೇನೆ. ನಿಮ್ಮ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಬೇಡ ಎನ್ನುವುದಾದರೆ ಅಷ್ಟರೊಳಗೆ ಬರೆಯಿರಿ.

ಕುಮುದಿನಿ


ಪುತ್ತೂರು
29-1-1978

ಮಾಸ್ಟ್ರಿಗೆ,

ಇಚಿಲಂಪಾಡಿಗೆ ಇಳಿಯುವ ದಾರಿಯಲ್ಲಿ ನಾನು ಹೇಳಿದ್ದನ್ನು ಕೇಳಿ ನೀವು ಮುಂದೆ ಮುಂದೆ ನಡೆದುಬಿಟ್ಟಿರಿ. ಸಿಟ್ಟು ಬಂತೆಂದು ಗೊತ್ತಾಯಿತು. ಈಗ ಬರೆದೂ ಹೇಳುತ್ತೇನೆ. ನೀವು ಪಾಠ ಮಾಡುವಾಗ ಎರಡನೆಯ ಕ್ಲಾಸಿಗೆ ಬೆನ್ನು ಹಾಕಿ ನಿಲ್ಲುತ್ತೀರಿ. ಮತ್ತೆ, ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮೊದಲು ಉತ್ತರವನ್ನೂ ನೀವೇ ಹೇಳುತ್ತೀರಿ. ನನಗೆ ಕಲಿಸುವಾಗಲೂ ಹಾಗೇ ಇತ್ತು. ಆಗ ನನಗೆ ಹೇಳಲು ಗೊತ್ತಿರಲಿಲ್ಲ. ಭಿನ್ನರಾಶಿಗೆ ಹಲಸಿನ ಸೊಳೆ ಎಣಿಸಿದ್ದು ಮಾತ್ರ ಬಹಳ ಚಂದ. ನನಗೂ ಅದು ಆ ದಿನವೇ ಸರಿಯಾಗಿ ಅರ್ಥವಾದದ್ದು.

ಇನ್ನೊಂದನ್ನು ದಾರಿಯಲ್ಲಿ ಹೇಳಲಿಲ್ಲ.

ದುಗ್ಗಪ್ಪ ಶೆಟ್ಟರ ಮಗಳು ಊರ್ಮಿಳಾ ನನಗೆ ಕಾಫಿ ತಂದುಕೊಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ಕಳೆದ ಸಲ ಹೋಯಿತು, ಈಗ ದಿನಾ ಸಂಜೆ ಮಾಸ್ಟ್ರು ಹೇಳಿಕೊಡುತ್ತಾರೆ ಅಕ್ಕ ಎಂದಳು. ಪುಸ್ತಕ ತೋರಿಸಿದಳು. ಪುಟ ಪುಟದಲ್ಲೂ ನಿಮ್ಮ ಕೆಂಪು ಶಾಯಿ. ಅಕ್ಷರ ದುಂಡಗೆ ಉಂಟು, ನನ್ನದಕ್ಕಿಂತ ಚಂದ. ಆ ಸಂಜೆಗಳಲ್ಲಿ ನೀವು ಏನು ಮಾಡುತ್ತೀರಿ ಎಂದು ನಾನು ಕೇಳಿದ್ದೆ. ಜೂನ್‌ನಿಂದ ಇಲ್ಲಿಯವರೆಗೆ ನಿಮ್ಮ ಯಾವ ಪತ್ರದಲ್ಲೂ ಆ ಹುಡುಗಿಯ ಹೆಸರಿಲ್ಲ. ನನ್ನ ಪತ್ರಗಳಲ್ಲಿ ರೈಗಳ ಹೆಸರು ಎಣಿಸಿದಷ್ಟು ಇತ್ತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದು ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಕಿಟಕಿಯ ಆಚೆ ಏನಿತ್ತೋ ಒಂದೂ ನೋಡಲಿಲ್ಲ.

ನಿಮ್ಮ ಮನಸ್ಸಿನಲ್ಲಿ ಕೆಟ್ಟದಿಲ್ಲ ಎಂದು ಬಲ್ಲೆ. ಆದರೂ ಉರಿಯಿತು. ಐದೈದು ಸಲ ಬರೆ ಎಂದು ನೀವು ಇನ್ನೊಬ್ಬಳಿಗೂ ಹೇಳುತ್ತೀರಿ ಎಂದು ನನಗೆ ಗೊತ್ತಿರಲಿಲ್ಲ.

ಅವಳಿಗೆ ಕಲಿಸುವುದನ್ನು ನಿಲ್ಲಿಸಬೇಡಿ. ಪರೀಕ್ಷೆ ಹತ್ತಿರ ಬಂತು. ನನಗೆ ಹೊಟ್ಟೆಕಿಚ್ಚಾಗುತ್ತದೆ, ಆಗಲಿ. ನಾನು ಅವಳ ಅಪ್ಪನಿಗೆ ಪತ್ರ ಬರೆಯುವುದಿಲ್ಲ.

ಕುಮುದಿನಿ


ಪೆಲತ್ತಡ್ಕ
16-4-1978

ಕುಮುದಾ,

ನಡುವೆ ಎರಡು ಸಲ ಬಂದು ಹೋದೆ. ನೀನು ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ಅಮ್ಮ ಮಾತ್ರ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಎದುರು ಕೂತು ಬಾರದ ಮಾತು ಬರೆಯುವಾಗ ಬರುತ್ತದೆ.

ನಿನ್ನ ಪತ್ರ ಬಂದ ವಾರ ಶಾಲೆಯಲ್ಲಿ ಮಕ್ಕಳ ಮೇಲೆಲ್ಲ ಸಿಟ್ಟು ತೀರಿಸಿದೆ. ಆಮೇಲೆ ಒಂದು ಬೆಳಿಗ್ಗೆ ಮೇಜನ್ನು ಎಳೆದು ಗೋಡೆಯ ಮೂಲೆಗೆ ಹಾಕಿದೆ. ಅಲ್ಲಿ ನಿಂತರೆ ನಾಲ್ಕು ಕ್ಲಾಸೂ ಕಾಣುತ್ತದೆ. ಪ್ರಶ್ನೆ ಕೇಳಿ ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. ಎರಡನೆಯ ಕ್ಲಾಸಿನಲ್ಲಿ ಸೀತು ಎಂಬ ಮಗು ಉಂಟು. ಅದಕ್ಕೆ ಮಾತೇ ಬಾರದು ಎಂದು ತಿಳಿದಿದ್ದೆ. ನಾನು ಸುಮ್ಮನೆ ನಿಂತ ಹೊತ್ತಿನಲ್ಲಿ ಅದು ಎದ್ದು ಉತ್ತರ ಹೇಳಿತು. ಉತ್ತರ ತಪ್ಪು. ಯಾಕೆ ಹಾಗೆ ಹೇಳಿದಿ ಎಂದು ಕೇಳಿದೆ. ಕೇಳಿದ ಮೇಲೆ ಇದು ಯಾರ ಮಾತು ಎಂದು ಹೊಳೆದು ಮುಖ ಸಿಂಡರಿಸಿಕೊಂಡೆ.

ಇನ್ಸ್‌ಪೆಕ್ಟರು ಮತ್ತೆ ಬಂದಿದ್ದರು. ‘ಸುಧಾರಣೆ ಇದೆ’ ಎಂದು ಬರೆದಿದ್ದಾರೆ. ಅಷ್ಟಕ್ಕೇ ನಾನು ಆ ಸಂಜೆ ಹೊಳೆಯವರೆಗೆ ಹೋಗಿ ಬಂದೆ, ಕೆಲಸವೇನೂ ಇರಲಿಲ್ಲ.

ಊರ್ಮಿಳಾಳ ವಿಷಯ. ಬರೆಯದೆ ಇದ್ದದ್ದು ಯಾಕೆಂದರೆ, ಇಡೀ ದಿನದಲ್ಲಿ ನಾನು ಹೇಳಿದ್ದನ್ನು ಬೇಕೆಂದು ಕೇಳುವವಳು ಅವಳೊಬ್ಬಳೇ ಆಗಿದ್ದಳು. ಅದನ್ನು ನಿನಗೆ ಹೇಳಲು ನಾಚಿಕೆಯಾಯಿತು. ಪರೀಕ್ಷೆ ಚೆನ್ನಾಗಿ ಬರೆದಿದ್ದಾಳೆ. ಮುಗಿದ ಮಾರನೆಯ ದಿನವೇ ಬಂದು, “ಮಾಸ್ಟ್ರೇ, ಅಕ್ಕ ಕೆಲಸ ಮಾಡುವಲ್ಲಿ ನನಗೂ ಒಂದು ಜಾಗ ಉಂಟಾ?” ಎಂದು ಕೇಳಿದಳು. ನಾನು ಕಲಿಸಿದವರೆಲ್ಲ ಆ ಮನುಷ್ಯನ ಬಾಗಿಲಿಗೇ ಹೋಗುತ್ತಾರೆ. ಎರಡು ದಿನ ಅವಳಿಗೆ ಉತ್ತರ ಕೊಡಲಿಲ್ಲ.

ಮೂರನೆಯ ದಿನ ಮಹಾಬಲ ರೈಗಳಿಗೆ ಬರೆದೆ. ಹಿಂದಿನ ಪತ್ರದ ಬಗ್ಗೆ ಒಂದು ಸಾಲು, ಇವಳ ಬಗ್ಗೆ ಒಂದು ಪುಟ. ಬರೆಯುವಾಗ ಈ ಸಲವೂ ಖುಷಿಯಿರಲಿಲ್ಲ. ಕಳುಹಿಸಿ ಎಂದು ಉತ್ತರ ಬಂದಿದೆ. ಸೋಮವಾರದಿಂದ ಅವಳು ನಿನ್ನ ಪಕ್ಕದಲ್ಲೇ ಕೂರುತ್ತಾಳೆ. ಬೊಳುವಾರಿನಲ್ಲಿ ಅವಳ ಚಿಕ್ಕಮ್ಮನ ಮನೆ ಉಂಟು, ಅಲ್ಲಿಂದ ಬರುತ್ತಾಳೆ. ಅವಳ ತಪ್ಪು ಕಂಡರೆ ನೀನೇ ಹೇಳು, ಯಾಕೆ ಎಂದೂ ಕೇಳು.

ಹುಡುಗಿ ನಿನಗಿಂತ ಚುರುಕು. ಇದನ್ನು ಬರೆಯುವಾಗ ಮಾತ್ರ ನನಗೆ ಸ್ವಲ್ಪ ಖುಷಿಯಾಯಿತು.

ನಿನ್ನ,
ಬೋಜಪ್ಪ